ನನ್ನ ಪ್ರೋಗ್ರಾಮಿಗೆ ದೊಡ್ಡಪ್ಪನ ಕೆಂಪು ಚೀಟಿ

ಇದೆಲ್ಲ ಹೀಗೆಯೇ ನಡೆಯಿತೆಂದು ಆಣೆ ಮಾಡಲಾರೆ. ದೊಡ್ಡಮ್ಮ ಬೇರೆ ಥರ ಹೇಳುತ್ತಾರೆ. ನನ್ನ ನೆನಪಿನ ಮೇಲೆ ನನಗೂ ಅಷ್ಟೇನೂ ನಂಬಿಕೆಯಿಲ್ಲ. ಆದರೆ ಕಂಪ್ಯೂಟರು ಒಪ್ಪಿದ ಕೆಲಸವನ್ನು ತಿರಸ್ಕರಿಸಿದ ಮನುಷ್ಯ ಇಡೀ ಹಲಸೂರಿನಲ್ಲಿ ನಮ್ಮ ದೊಡ್ಡಪ್ಪ ಒಬ್ಬರೇ ಇರಬೇಕು!

ದೊಡ್ಡಪ್ಪ ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅಲ್ಲಿ ಯಾರೂ ತಾವು ಮಾಡಿದ ಕೆಲಸವನ್ನು ತಾವೇ ಪಾಸು ಮಾಡುವಂತಿಲ್ಲ, ಇನ್ನೊಬ್ಬರು ನೋಡಲೇಬೇಕು. ಕೆಟ್ಟಿದ್ದಕ್ಕೆ ಕೆಂಪು ಚೀಟಿ. ನಿವೃತ್ತರಾದ ಮೇಲೆ ಈ ನಿಯಮ ಮನೆಗೆ ಬಂತು. ಒಮ್ಮೆ ಉಪ್ಪು ಹೆಚ್ಚಾಯಿತೆಂದು ಬಸ್ಸಾರಿನ ಪಾತ್ರೆಗೇ ಚೀಟಿ ಅಂಟಿಸಿದರು. ಅವತ್ತು ಹೋಟೆಲಿಗೆ ಹೋಗಿ ಉಂಡವರು ಅವರೊಬ್ಬರೇ!

ಅವರ ಮನೆಯಲ್ಲೇ ಇದ್ದು ಬಿ.ಕಾಂ. ಮುಗಿಸಿದ ನನಗೆ ಫೈನಾನ್ಸ್ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿತು. ಷರತ್ತು ಒಂದೇ: ತರಗತಿ ಶುರುವಾಗುವ ಮುನ್ನ ಆನ್‌ಲೈನಿನಲ್ಲಿ ಪ್ರೋಗ್ರಾಮಿಂಗ್ ಕೋರ್ಸು ಪಾಸು ಮಾಡಬೇಕು, ಇಲ್ಲವಾದರೆ ಸೀಟು ಹೋಯಿತು. ನನ್ನ ಮೊದಲ ಪ್ರೋಗ್ರಾಮು ಷೇರಿನ ಸರಾಸರಿ ಬೆಲೆ ಹೇಳುವ ಐದಾರು ಸಾಲು. ತೆರೆಯ ಮೇಲೆ ಹಸಿರು ಟಿಕ್ ಬಂತು. ದೊಡ್ಡಪ್ಪನೂ ಬಂದರು.

"ಯಾರೋ ಪಾಸ್ ಮಾಡಿದ್ದು?"

"ಕಂಪ್ಯೂಟರೇ, ದೊಡ್ಡಪ್ಪ."

"ಅದೇ ಓಡ್ಸಿ ಅದೇ ಪಾಸ್ ಮಾಡ್ಕೊಳ್ತಾ? ಚೆನ್ನಾಗಿದೆ ನ್ಯಾಯ! ಒಂದು ಬೆಲೇನೂ ಕೊಡ್ದೆ ಓಡ್ಸು, ನೋಡೋಣ."

ಓಡಿಸಿದೆ. ತೆರೆಯ ತುಂಬ ತಪ್ಪುಗಳ ಪಟ್ಟಿ!

"ಖಾಲಿ ಬುಟ್ಟೀಲಿ ಎಂಥ ಸರಾಸರಿನೋ?" ಎಂದು ಲ್ಯಾಪ್‌ಟಾಪಿಗೆ ಚೀಟಿ ಅಂಟಿಸಿ ಹೋದರು.

"ರೀ, ಮಗೂ ಸೀಟೇ ಹೋದ್ರೆ ನಿಮ್ ಚೀಟಿ ಉಪ್ಪಿನಕಾಯಿ ಹಾಕೋಣ್ವಾ?" ಎಂದರು ದೊಡ್ಡಮ್ಮ.

ಆರನೆಯ ವಾರವೋ ಏಳನೆಯದೋ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪು, ಅದರೊಳಗೆ ಇನ್ನೊಂದು ಲೂಪು ಬಂತು. ಮೂರು ದಿನ ತಿಣುಕಿದೆ. ಕೊನೆಗೆ "ನನ್ನ ಕೈಲಾಗಲ್ಲ, ಸೀಟು ಬಿಟ್ಬಿಡ್ತೀನಿ" ಎಂದುಬಿಟ್ಟೆ. ದೊಡ್ಡಪ್ಪ ಅಡುಗೆಮನೆಗೆ ಹೋಗಿ ಇಡ್ಲಿ ಸ್ಟ್ಯಾಂಡು ತಂದು ಮುಂದಿಟ್ಟರು.

"ಒಂದು ತಟ್ಟೆ ತಗೋ. ಅದ್ರಲ್ಲಿರೋ ಒಂದೊಂದು ಗುಳೀಗೂ ಹಿಟ್ಟು ಹಾಕು. ಮುಗೀತಾ? ಮುಂದಿನ ತಟ್ಟೆ. ಗುಳಿ ಒಳಗಿನ ಲೂಪು, ತಟ್ಟೆ ಹೊರಗಿಂದು. ಅಷ್ಟೇ ಕಣೋ!"

"ನಿಮಗೆ ಹೇಗೆ ಗೊತ್ತು?"

"ಸರ್ವೀಸೆಲ್ಲ ಸಾಲು ಸಾಲು ರಿವೆಟ್ ಎಣಿಸಿದೀನಿ. ಇದೇನು ಮಹಾ!"

ನಂಬಿದೆ. ಎಲ್ಲವನ್ನೂ ಅನುಮಾನಿಸುವ ನಾನು ಇದೊಂದನ್ನು ನಂಬಿದೆ! ಪರೀಕ್ಷೆ ಪಾಸಾಯಿತು, ಸೀಟೂ ಉಳಿಯಿತು.

ಮೊನ್ನೆ ಅವರ ಹಳೆಯ ಫೋನು ಸರಿಮಾಡುತ್ತಿದ್ದಾಗ ಅದೇ ಕೋರ್ಸಿನ ಪುಟ ತೆರೆದುಕೊಂಡಿತು. ಖಾತೆ ದೊಡ್ಡಪ್ಪನ ಹೆಸರಿನಲ್ಲಿತ್ತು. ನೆನಪನ್ನು ನೆಚ್ಚದೆ ಎರಡೆರಡು ಸಲ ನೋಡಿ ಖಚಿತಪಡಿಸಿಕೊಂಡೆ: ಲೂಪಿನೊಳಗಿನ ಲೂಪಿನ ಪಾಠದಲ್ಲಿ ಅವರು ಹನ್ನೊಂದು ಸಲ ತಪ್ಪಿ, ಇಡ್ಲಿ ಸ್ಟ್ಯಾಂಡು ತಂದಿಟ್ಟ ದಿನದ ಹಿಂದಿನ ರಾತ್ರಿ ಹನ್ನೆರಡನೆಯ ಸಲ ಪಾಸಾಗಿದ್ದರು.