ಸೀಸದ ಅಕ್ಕಾರು

ಯಾರಿಗರ ಒಂದು ಒಳ್ಳೆ ಮಾತು ಹೇಳಾಕ ಹೋದ್ರ ಅದು ನಾ ಅಂದ್ಕೊಂಡಂಗ ಆಗಿದ್ದೇ ಇಲ್ಲ ನೋಡ್ರಿ. ಏನರ ಆಗ್ತೈತಿ, ಆದ್ರ ಬ್ಯಾರೇನೋ ಆಗ್ತೈತಿ. ಹರಪನಹಳ್ಳ್ಯಾಗ ಆರೋಗ್ಯ ಸಹಾಯಕಿ ಆಗಿ ಸುತ್ತಿದ್ನಲ್ಲ, ತೊಂಬತ್ತರ ದಶಕ ಮುಗಿಯೋ ಹೊತ್ತಿಗೆ, ಆವಾಗಿನ ಇಂಥವು ಒಂದಲ್ಲ ಎರಡಲ್ಲ.

ಎಲ್ಲಾ ಸುರುವಾಗಿದ್ದು ನಮ್ಮ ಹಿಂದಿನ ಓಣಿಯ ಬ್ಯಾಟ್ರಿ ರಿಪೇರಿಯವನ ಮಗಳಿಂದ. ಮೂರು ವರ್ಷದ ಕೂಸು. ತಾಯಿ ಮೆಕ್ಕಿಜೋಳದ ಗೋದಾಮಿಗೆ ಕೂಲಿಗೆ ಹೋಗ್ತಿದ್ಲು. ಅಪ್ಪ ಹಿತ್ತಲದಾಗ ಒಲಿ ಹೂಡಿ, ಹಳೇ ಬ್ಯಾಟ್ರಿ ಒಡದು ಒಳಗಿನ ಸೀಸ ಕರಗಿಸ್ತಿದ್ದ. ಕೂಸು ಅಲ್ಲೇ ಬೂದ್ಯಾಗ ಆಡ್ತಿತ್ತು. ಬರಬರ್ತಾ ಅದಕ್ಕ ಹೊಟ್ಟಿನೋವು, ಊಟ ಸೇರವಲ್ದು, ಕುಂತಲ್ಲೇ ಕುಂದ್ರೋದು. ಅಜ್ಜಿ ದೃಷ್ಟಿ ತೆಗದು ತೆಗದು ಮನ್ಯಾಗಿನ ಮೆಣಸಿನಕಾಯಿ ಖಾಲಿ ಮಾಡಿದ್ಲು. ದಾವಣಗೇರಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮೈಯಾಗ ಸೀಸ ಸೇರೇತಿ, ಅದು ಮಕ್ಕಳ ಬುದ್ಧಿಗೇ ಕೈ ಹಾಕ್ತೈತಿ, ಆ ಒಲಿ ದೂರ ಹೋಗದಿದ್ರ ಯಾವ ಔಷಧನೂ ನಾಟಂಗಿಲ್ಲ ಅಂದ್ರು. ಅವತ್ತಿಂದ ನಾ ಕೂಸಿದ್ದ ಮನಿ ಕಂಡ್ರ ಸಾಕು, ಒಳಗ ಹೊಕ್ಕು ಸೀಸದ ಮಾತು ಸುರು ಮಾಡ್ತಿದ್ದೆ. ಜನ ನನಗ ಸೀಸದ ಅಕ್ಕಾರು ಅಂತ ಹೆಸರಿಟ್ರು.

ಕೋಡಿಗೆ ಕುಲಾಯಿ

ತೆಲಿಗಿ ಅನ್ನೋ ಊರಾಗ ಒಂದು ಮನಿ. ದೀಪಾವಳಿಗೆ ಎತ್ತಿನ ಕೋಡಿಗೆ ಕೆಂಪು ಆಯಿಲ್ ಪೇಂಟ್ ಬಳದಿದ್ರು. ಎತ್ತು ಬಾಳ ಸಾಧು. ಅದು ಮಲಕೊಂಡಾಗ ಆಗಷ್ಟೇ ವರ್ಷ ತುಂಬಿದ ಮೊಮ್ಮಗ ಅದರ ಕೋಡು ಹಿಡದು ಜಗ್ಗಿ, ಅದೇ ಕೈ ಬಾಯಾಗ ಇಟ್ಕೊಂಡು ಚೀಪ್ತಿದ್ದ. ಇಂಥ ಬಣ್ಣದಾಗೂ ಸೀಸ ಇರ್ತೈತಿ, ಕೂಸಿನ ಕೈಗೆ ಹತ್ತಬಾರ್ದು ಅಂತ ಮನಿ ಹಿರಿಯ ಮುದುಕಪ್ಪಗ ಬಿಡಿಸಿ ಬಿಡಿಸಿ ಹೇಳಿದೆ. ಆತ ಗೋಣು ಹಾಕಿದ. ಎತ್ತಿನ್ನೂ ಒಂದು ಮಾತು ಕೇಳ್ಬೇಕು ಅನ್ನಂಗ ಅದರ ಮಾರಿ ಕಡೆನೂ ನೋಡಿದ.

ಮುಂದಿನ ವಾರ ಹೋದ್ರ, ಎತ್ತು ಅಂಗಳದಾಗ ಮೆಲುಕು ಹಾಕ್ಕೊಂತ ನಿಂತೈತಿ, ಎರಡೂ ಕೋಡಿಗೆ ಉಲನ್ ಕುಲಾಯಿ! ಒಂದು ಹಳದಿ, ಒಂದು ಹಸರು, ತುದಿಗೆ ಗೊಂಡೆ ಬ್ಯಾರೆ. ಬಣ್ಣ ಕೆರದ್ರ ಎತ್ತಿಗೆ ನೋವಾಗ್ತೈತಂತ, ಅದಕ್ಕ ಮುಚ್ಚೇಬಿಟ್ಟೀನಿ ಅಂತ ಮುದುಕಪ್ಪ ಹೆಮ್ಮಿಲೆ ಹೇಳಿದ. ಕುಲಾಯಿ ಎಲ್ಲಿಂದ ತಂದ್ಯಪ್ಪ ಅಂದೆ. ಕೂಸಿನ್ವೇ ಅಂದ. ಒಳಗ ನೋಡಿದ್ರ ಕೂಸು ಆ ಥಂಡ್ಯಾಗ ಬೋಳ ತಲಿಲೆ ಕುಂತು ಮೂಗು ಸೋರಿಸಾಕಹತ್ತಿತ್ತು. ಸೀಸ ಬಿಡಿಸಾಕ ಹೋಗಿ ನೆಗಡಿ ಹಚ್ಚಿ ಬಂದೆ.

ಮೊದಲು ನೀ ಉಣ್ಣಪ್ಪ

ಕೂಡ್ಲಿಗಿ ನಮ್ಮಕ್ಕನ ಊರು. ರಜಾ ಹಾಕಿ ಹೋದಾಗೂ ನನ್ನ ಬಾಯಿ ಸುಮ್ಮನಿರ್ಲಿಲ್ಲ. ಅಲ್ಲಿ ಹಿತ್ತಾಳಿ ಪಾತ್ರಿಗೆ ಕಲಾಯಿ ಹಾಕಾಂವ ಬಂದು ಕುಂತಿದ್ದ. ಕೆಲವರು ಸೋವಿ ಆಗ್ತೈತಂತ ತವರದಾಗ ಸೀಸ ಬೆರಸ್ತಾರ, ಹುಣಸಿಹುಳಿ ಬಿದ್ರ ಅದು ಸಾರಿಗೆ ಇಳೀತೈತಿ, ಮಕ್ಕಳಿಗೆ ಕೆಟ್ಟದ್ದು, ಕೇಳಿ ಹಾಕಿಸ್ರಿ ಅಂತ ಓಣಿ ಹೆಣ್ಮಕ್ಕಳಿಗೆ ಹೇಳಿದೆ. ಅವರು ಕೇಳಿದ್ರು. ಆತ ದೇವರ ಆಣಿ ಮಾಡಿದ. ಆಣಿ ಗೀಣಿ ಬ್ಯಾಡ, ಉಂಡು ತೋರ್ಸು ಅಂದ್ರು.

ಹೊಸ ಕಲಾಯಿ ಪಾತ್ರ್ಯಾಗ ಮನಿಮನ್ಯಾಗ ಹುಳಿಸಾರು ಕುದಿತು. ಮೊದಲನೇ ಗಂಗಾಳ ಆತಗ. ಸೀಸ ಅಂದ್ರ ಒಂದೂಟಕ್ಕ ಗೊತ್ತಾಗೋ ವಿಷ ಅಲ್ಲ, ಹಿಂಗ ಪರೀಕ್ಷೆ ಮಾಡಾಕ ಬರಂಗಿಲ್ಲ ಅಂತ ನಾ ಒದರಿದ್ದೇ ಒದರಿದ್ದು, ಯಾರು ಕೇಳ್ತಾರ? ಸಂಜಿಗೆ ಆತ ಉಂಡುಂಡು ಉಬ್ಬಿದ ಹೊಟ್ಟಿ ಹಿಡಕೊಂಡು ನಮ್ಮಕ್ಕನ ಕಟ್ಟಿಗೆ ಬಂದು ಕುಂತ. ನಾಳಿಂದ ಬರೇ ತವರ ಹಾಕ್ತೀನ್ರಿ, ಇನ್ನೂ ಉಳದ ಮನಿಯೋರಿಗೆ ಸಾರು ಸಾಕಂತ ಒಂದು ಮಾತು ಹೇಳ್ರಿ ಅಂತ ಕೈ ಮುಗದ.

"ನಾಳಿಂದು ಬಿಡು, ಇವತ್ತಿಂದು ಹೆಂಗ?" ಅಂದೆ.

ತಲಿ ಕೆರಕೊಂಡ. ಮರುದಿನ ಎಲ್ಲಾ ಪಾತ್ರಿ ಉಜ್ಜಿ ತಗದು, ಶುದ್ಧ ತವರದ್ದು ಹೊಸದಾಗಿ ಹಾಕಿದ. ಹೆಣ್ಮಕ್ಕಳೂ ಹೊಸದಾಗಿ ಸಾರು ಕುದಿಸಿದ್ರು.

ಯಾರಿವ?

ಎಷ್ಟು ಊರು ತಿರುಗಿದ್ರೂ ನನ್ನ ಜೀವ ಆ ಬ್ಯಾಟ್ರಿಯವನ ಮನ್ಯಾಗೇ ಇತ್ತು. ಕೂಸು ಸೊರಗಿ ಕಡ್ಡಿ ಆಗಿತ್ತು. ಒಲಿ ಊರ ಹೊರಗ ಒಯ್ಯೋ ಮಾರಾಯ ಅಂದ್ರ, ಅವ ಒಪ್ಪವಲ್ಲ. ನಾನೂ ಸಣ್ಣಾಂವಿದ್ದಾಗ ಇದೇ ಒಲಿ ಮುಂದ ಬೆಳದೀನಿ, ನನಗೇನಾಗೇತ್ರಿ ಅಂದ.

ಅವರವ್ವ ಅಲ್ಲೇ ಜ್ವಾಳ ಹಸನ ಮಾಡಾಕಹತ್ತಿದ್ಲು. ತಲಿ ಎತ್ತಲಾರ್ದ, "ಅದನ್ನ ನಾ ಹೇಳ್ಲೋ, ನಿಮ್ಮ ಶಾಲಿ ಮಾಸ್ತರು ಹೇಳ್ಬೇಕೋ?" ಅಂದ್ಲು.

ಮಾತು ನಾಟಿತೋ, ಮಗಳ ಮಾರಿ ನೋಡಿ ತಡಕೊಳ್ಳಾಕ ಆಗ್ಲಿಲ್ಲೋ, ಆ ವಾರದಾಗೇ ಒಲಿ ಕಿತ್ತು ಕೊಟ್ಟೂರು ರಸ್ತೆ ಬಯಲಿಗೆ ಒಯ್ದ. ಹಿತ್ತಲದ ಕರಿ ಮಣ್ಣೂ ಕೆರಸಿದ್ವಿ. ಇನ್ನ ಕೆಲಸದ ಅರಿವಿ ಅಲ್ಲೇ ಬಿಚ್ಚಿಟ್ಟು, ಮನಿಗೆ ಬಂದ ಕೂಡ್ಲೇ ತಲಿಮ್ಯಾಲೆ ನೀರು ಹಾಕ್ಕೊಂಡು ಆಮ್ಯಾಲೆ ಕೂಸಿನ್ನ ಮುಟ್ಟು ಅಂದೆ. ಮೊದಲನೇ ದಿನ ಅವ ಸೋಪಿನ್ಯಾಗ ಗಸಗಸ ತಿಕ್ಕೊಂಡು, ಬಿಳಿ ಲುಂಗಿ ಉಟ್ಟು, ಎಣ್ಣಿ ಹಚ್ಚಿ ತಲಿ ಬಾಚಿ, ಎರಡೂ ಕೈ ಚಾಚ್ಕೊಂತ ಬಂದ. ಹುಟ್ಟಿದಾಗಿಂದ ಕರಿಮಸಿ ಅಪ್ಪನ್ನೇ ಕಂಡಿದ್ದ ಕೂಸು ಕಿಟಾರನೆ ಚೀರಿ ಅಜ್ಜಿ ಸೆರಗಿನ್ಯಾಗ ಹೊಕ್ಕಿತು. ಆಸ್ಪತ್ರ್ಯಾಗೂ ಕಣ್ಣೀರು ಹಾಕದಾಂವ ಅಲ್ಲೇ ಕುಸದು ಕುಂತು, ನನ್ನ ಮಗಳಿಗೆ ನನ್ನ ಗುರುತೇ ಹತ್ತವಲ್ದಲ್ರಿ ಅಂತ ಅಳಾಕಹತ್ತಿದ. ನನಗೂ ತಡಕೊಳ್ಳಾಕ ಆಗ್ಲಿಲ್ಲ.

ಅಜ್ಜಿ ಮಗನ್ನ ಮ್ಯಾಲಿಂದ ಕೆಳಗಿನ ಮಟ ನೋಡಿ, "ಅಳಬ್ಯಾಡಲೇ. ಹಡದಾಕಿ ನನಗೇ ಹತ್ತಲಿಲ್ಲ" ಅಂದ್ಲು.

ಪಾಸು ಫೇಲು

ಆರು ತಿಂಗಳ ಮ್ಯಾಲೆ ಮತ್ತೊಮ್ಮೆ ರಕ್ತ ತಗಸಿ, ರಿಪೋರ್ಟು ದಾವಣಗೇರಿಯಿಂದ ನಾನೇ ತಂದೆ. ಬಸ್ ಸ್ಟ್ಯಾಂಡಿನಿಂದ ನೆಟ್ಟಗ ಅವರ ಮನಿಗೇ ಹೋದೆ. ಅಪ್ಪ ಬಚ್ಚಲ ಕಲ್ಲಿನ ಮ್ಯಾಲೆ ತೊಯ್ದು ತೊಪ್ಪಿಯಾಗಿ ನಿಂತಿದ್ದ. ಮುಂದ ಆ ಕೂಸು, ಸೊಂಟದ ಮ್ಯಾಲೆ ಕೈ. ಆಗ್ಲೇ ಎರಡು ಸಲ ಜಳಕ ಆತ್ರಿ ಅಕ್ಕಾರ, ಇನ್ನೂ ಪಾಸ್ ಮಾಡವಲ್ಲಳು ಅಂದ ಅಪ್ಪ. ಅಕಿ ಅವನ ಉಗುರು ನೋಡಿದ್ಲು, ಬಗ್ಗಿಸಿ ಕಿವಿ ಹಿಂದ ನೋಡಿದ್ಲು, "ಫೇಲು" ಅಂತ ಹೇಳಿ ಚೊಂಬು ತರಾಕ ಓಡಿದ್ಲು. ಓಡಿದ್ಲು ನೋಡ್ರಿ! ಕುಂತಲ್ಲೇ ಕುಂದ್ರತಿದ್ದ ಕೂಸು. ವಾಪಸ್ ಬಂದಾಕಿ ನನ್ನ ಕೈಯೂ ತಿರುವಿ ನೋಡಿದ್ಲು. ಬಸ್ಸಿನ ಧೂಳು. ನಾನೂ ಫೇಲು. ರಿಪೋರ್ಟು ಬಗಲಾಗ ಹಿಡಕೊಂಡು ನಾನೂ ಕಲ್ಲಿನ ಕಡೆ ಪಾಳಿ ಹಚ್ಚಿದೆ.

ಅಪ್ಪ ಮೆಲ್ಲಕ, ಏನಂತ್ರಿ ರಿಪೋರ್ಟು ಅಂದ.

"ಇಳದೈತಪ್ಪ. ಬಾಳ ಇಳದೈತಿ. ಹಿಂಗ ನಡಸ್ರಿ, ಕೂಸು ಗೆದ್ದಂಗ ಅಂದಾರ."

ಅವ ನಿಂತಲ್ಲೇ ನಿಂತು ದಳದಳ ಕಣ್ಣೀರು ಸುರಿಸಿದ. ಕೂಸು ಚೊಂಬು ಕೆಳಗಿಟ್ಟು, ಹತ್ತರ ಬಂದು, ಕತ್ತೆತ್ತಿ ಅವನ ಮಾರಿ ಬಾಳ ಹೊತ್ತು ನೋಡಿತು.

"ಕಣ್ಣೂ ತೊಳಕೊಂಡಿ," ಅಂದ್ಲು. "ಪಾಸು. ಇನ್ನ ಎತ್ಗೊ."