ವಿಭೂತಿ ಹಚ್ಚಿ ಮುದುಕನಾದದ್ದು

ನಾನು ಶಿಸ್ತಿನ ಮನುಷ್ಯ. ಕೋಳಿ ಕೂಗುವ ಮೊದಲು ಏಳುವುದು, ಸ್ನಾನ, ಲಿಂಗಪೂಜೆ, ಆಮೇಲೆ ಆಡುಸೋಗೆ ಎಲೆಯ ಕಷಾಯ, ಆಮೇಲೆ ರೊಟ್ಟಿ. ಈ ಸಾಲು ನನ್ನ ತಂದೆ ಹಾಕಿಕೊಟ್ಟದ್ದು. ನಾನು ಹಿಂದೆಮುಂದೆ ಮಾಡಿದವನಲ್ಲ. ವಿಚಾರ ಮಾಡಿ, ಕ್ರಮವಾಗಿ ಹಿಡಿದ ಕೆಲಸ ಕೆಡುವುದೇ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆ ನಂಬಿಕೆ ಹಿರೋಳ್ಳಿಯ ಒಂದು ಬಚ್ಚಲಲ್ಲಿ ತೊಳೆದುಹೋಯಿತು!

ಆಗ ನನಗೆ ನಲವತ್ತೆರಡು ವರ್ಷ. ಆಳಂದದ ಸಾಲೆಯಲ್ಲಿ ಮಾಸ್ತರ. ನೋಡಿದವರು ಇಪ್ಪತ್ತೈದು ಎನ್ನುತ್ತಿದ್ದರು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಎಳೆಯ ವಯಸ್ಸಿನಲ್ಲೇ ದಮ್ಮು ಹತ್ತಿತ್ತು. ಮೈ ಬೆಳೆಯಬೇಕಾದ ಕಾಲದಲ್ಲಿ ನನ್ನ ಮೈಯೆಲ್ಲ ಉಸಿರು ಎಳೆಯುವ ಕೆಲಸದಲ್ಲೇ ತೊಡಗಿತ್ತು. ಹೆಗಲು ಅಗಲವಾಗಲಿಲ್ಲ, ಗಡ್ಡ ಹುಟ್ಟಲಿಲ್ಲ, ಮೀಸೆ ಮಾತ್ರ ಬರಲೋ ಬೇಡವೋ ಎಂದು ಕೇಳಿಕೊಂಡು ಬಂದಂತೆ ಬಂತು. ಬಿಸಿಲು, ಧೂಳು ಆಗದೆಂದು ನೆರಳಲ್ಲೇ ಬದುಕಿದ್ದರಿಂದ ಮುಖದಲ್ಲಿ ಒಂದು ಸುಕ್ಕೂ ಇಲ್ಲ. ದಮ್ಮು ನನ್ನ ಎದೆಯನ್ನು ತಿಂದಿತು, ಮುಖವನ್ನು ಬಿಟ್ಟಿತು. ಜನ ನೋಡುವುದು ಮುಖವನ್ನೇ! ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತು, ಬೆಳಗಾಗುವುದನ್ನು ಕಾಣುತ್ತೇನೋ ಇಲ್ಲವೋ ಎಂದು ಕಾಯ್ದ ಮರುದಿನವೂ ಓಣಿಯವರು, "ಏನ್ ಮಾಸ್ತರ, ಮದುಮಗನಂಗ ಕಾಣಾಕತ್ತೀರಿ!" ಎನ್ನುತ್ತಿದ್ದರು.

ಅದು ನಲವತ್ತೆಂಟನೆಯ ಇಸವಿಯ ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹೊತ್ತು. ಗಡಿಯಾಚೆ ಸ್ವಾತಂತ್ರ್ಯ ಬಂದಿತ್ತು; ನಮ್ಮ ಕಡೆ ಬಂದಿರಲಿಲ್ಲ. ನಿಜಾಮರ ರಾಜ್ಯದಲ್ಲಿ ಬಂದೂಕು ಹಿಡಿದವರ ಕಾಲ. ಇವತ್ತು ಆ ಊರಲ್ಲಿ ಬಣವೆ ಸುಟ್ಟರಂತೆ, ನಾಳೆ ಈ ಊರಿಗೆ ಬರುತ್ತಾರಂತೆ ಎಂಬ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಬೆಳೆದ ಹೆಣ್ಣುಮಕ್ಕಳಿದ್ದವರು ಅವರನ್ನು ಗಡಿಯಾಚೆ ಸೊಲ್ಲಾಪುರದ ಕಡೆಗೆ ಸಾಗಿಸುತ್ತಿದ್ದರು. ನಮಗೆ ಆಚೆ ಯಾರೂ ಇರಲಿಲ್ಲ. ನಮ್ಮ ಮಗಳು ನೀಲಾ ಬೆಳೆದು ನಿಂತಿದ್ದಳು.

ಅಂಥ ಹೊತ್ತಿನಲ್ಲಿ ಗಡಿಯ ಅಂಚಿನ ಹಿರೋಳ್ಳಿಯಿಂದ ಒಂದು ಮಾತು ಬಂತು. ಅಲ್ಲಿಯ ಒಕ್ಕಲುತನದ ಮಲ್ಲಣ್ಣನ ಮನೆಯವರು ನೀಲಾಳನ್ನು ನಮ್ಮ ಬಂಧುಗಳ ಮನೆಯಲ್ಲಿ ನೋಡಿ ಅವನ ಮಗನಿಗೆಂದು ಒಪ್ಪಿದ್ದರು. ಮದುವೆಯಾದ ಕೂಡಲೆ ಹುಡುಗ ಹುಡುಗಿ ಇಬ್ಬರೂ ಆಚೆ ಇರುವ ಹುಡುಗನ ಸೋದರಮಾವನ ಮನೆಗೆ ಹೋಗಿಬಿಡುವುದು. ಹುಡುಗಿಯ ಕಡೆಯ ಹಿರಿಯರು ಬಂದು ಅಡಿಕೆ ಒಡೆದರೆ ಮಾತು ಗಟ್ಟಿ. ಹಿರಿಯರು ಅಂದರೆ ನಾನೇ. ನನ್ನ ತಂದೆ, ಅಣ್ಣ ಇಬ್ಬರೂ ತೀರಿಹೋಗಿದ್ದರು. ಹೋಗಿ ಅಡಿಕೆ ಒಡೆದು ಬರುವುದರಲ್ಲಿ ಏನು ಕಷ್ಟ?

ಹೋದೆ. ಕಟ್ಟೆಯ ಮೇಲೆ ಮಲ್ಲಣ್ಣನ ತಾಯಿ ಸಂಗವ್ವ ಕುಳಿತಿದ್ದಳು.

"ಯಾರ ಮಗಪಾ ನೀ?"

"ನಾನ ಹುಡಗಿ ತಂದಿ ಅದೀನ್ರಿ, ಅವ್ವಾರ."

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. "ಹುಡಗಿ ಇನ್ನಾ ತೊಟ್ಟಲದಾಗ ಅದಾಳೇನು?"

ಮಲ್ಲಣ್ಣ ನಗಲಿಲ್ಲ. "ಉಮರ ಎಷ್ಟು?" ಎಂದ.

ಹೇಳಿದೆ.

"ನನ್ನ ತಮ್ಮಗ ನಿನಕಿಂತ ಎರಡ ವರ್ಷ ಕಮ್ಮಿ. ತಡಿ, ಬಾಜೂಕ ನಿಂದ್ರಸತೇನಿ."

ತಮ್ಮ ಬಂದ. ತಲೆ ನರೆತಿತ್ತು, ಹಲ್ಲು ಉದುರಿದ್ದವು, ನಡು ಬಾಗಿತ್ತು. ಅವನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಅಲ್ಲಿಗೆ ನನ್ನ ವಾದ ಮುಗಿಯಿತು!

"ತಮ್ಮಾ, ಹೊತ್ತು ಛಲೋ ಇಲ್ಲ," ಎಂದ ಮಲ್ಲಣ್ಣ. "ಇಲ್ಲದ ಹೆಸರು ಹೇಳಕೋತ ಬರೋರು, ಯಾರ ಮನ್ಯಾಗ ಜ್ವಾಳ ಎಷ್ಟದ, ಯಾರ ಮಗ ಗಡಿ ದಾಟ್ಯಾನ ನೋಡಕೊಂಡ ಹೋಗೋರು ಭಾಳ ಆಗ್ಯಾರ. ನೀ ಯಾರೋ, ಏನೋ. ಮಜ್ಜಿಗಿ ಕುಡಿ, ಊರಿಗಿ ಹೋಗು. ಹಿರ್ಯಾರಿಗೆ ಕಳಸು. ಅಮಾಸಿ ಆದ್ರ ನಮ್ಮ ಹುಡುಗ ಇಲ್ಲಿರೂದಿಲ್ಲ."

ರೋಗದಿಂದ ಹೀಗಿದ್ದೇನೆ ಎಂದು ಹೇಳಬಹುದಿತ್ತು. ಹೇಳಿದರೆ ಸಂಬಂಧವೇ ಹೋಗುತ್ತಿತ್ತು. ದಮ್ಮಿನವನ ಮಗಳನ್ನು ಯಾರು ತಂದುಕೊಳ್ಳುತ್ತಾರೆ? ಹೇಳದಿದ್ದರೆ ನಾನು ತಂದೆಯಲ್ಲ. ಮಜ್ಜಿಗೆ ಕುಡಿದು ಬಂದೆ.

ಮನೆಯಲ್ಲಿ ಗೌರವ್ವ ಎಲ್ಲ ಕೇಳಿದಳು. ಗೌರವ್ವ ಅಂದರೆ ನನ್ನ ಹೆಂಡತಿ.

"ನಾ ಬರ್ತೇನಿ. ನಾ ಮಾತಾಡ್ತೇನಿ," ಎಂದಳು.

"ಅಡಿಕೆ ಒಡೆಯುವುದು ಗಂಡಸರ ಕೆಲಸ. ಪದ್ಧತಿ ಅಂತ ಒಂದು ಇರುತ್ತದೆ," ಎಂದೆ. ಮಾಸ್ತರನಾದ್ದರಿಂದ ಮನೆಯಲ್ಲೂ ಪುಸ್ತಕದ ಭಾಷೆಯಲ್ಲೇ ಮಾತಾಡುವ ಚಟ ನನಗಿತ್ತು. ಹೀಗೆ ಹೇಳುತ್ತ ಅವಳ ತಲೆಯ ಕಡೆ ನೋಡಿದೆ. ನನಗಿಂತ ಚಿಕ್ಕವಳು, ಆದರೆ ಕೂದಲೆಲ್ಲ ಬೆಳ್ಳಗಾಗಿತ್ತು. ಅದನ್ನು ನಾನು ಸರಿಯಾಗಿ ನೋಡಿದ್ದು ಆ ದಿನವೇ. ನನಗೆ ಅಂಥದೇ ಬಣ್ಣ ಬೇಕಾಗಿತ್ತಲ್ಲ!

ಉಪಾಯ ಅಲ್ಲೇ ಹೊಳೆಯಿತು. ಪೂಜೆಯ ಗೂಡಿನಿಂದ ವಿಭೂತಿಯ ಗಟ್ಟಿ ತಂದು ಅರೆದೆ. ಹಾಗೇ ಹಚ್ಚಿದರೆ ಉದುರುತ್ತದೆಂದು ಔಡಲೆಣ್ಣೆಯಲ್ಲಿ ಕಲಸಿದೆ. ಮೀಸೆಗೆ, ಹುಬ್ಬಿಗೆ, ಕಿವಿಯ ಹತ್ತಿರದ ಕೂದಲಿಗೆ ಕ್ರಮವಾಗಿ ಹಚ್ಚತೊಡಗಿದೆ.

ಗೌರವ್ವ ಬಾಗಿಲಲ್ಲಿ ನಿಂತು ನೋಡಿದಳು. "ಶಿವನ ವಿಭೂತಿ ಮೀಸಿಗಿ ಹಚ್ಚತೀರೇನ್ರಿ?"

"ದೇಹವೆಲ್ಲ ಶಿವಮಯ."

"ಹಂಗಾದ್ರ ಮೂಗಿನಾಗೂ ತುಂಬಕೊಳ್ರಿ, ಒಮ್ಮೆಲೇ ಕೈಲಾಸ!"

ಅವಳು ಹೇಳುವ ಅಗತ್ಯವೇ ಇರಲಿಲ್ಲ. ಅದು ಆಗಲೇ ಮೂಗಿಗೆ ಹೋಗುತ್ತಿತ್ತು.

ಕನ್ನಡಿಯಲ್ಲಿ ಒಬ್ಬರು ಹಿರಿಯರು ಕಂಡರು. ನನಗೇ ಕೈ ಮುಗಿಯಬೇಕೆನಿಸಿತು. ದೊಡ್ಡ ರುಮಾಲು ಸುತ್ತಿ, ತೀರಿಹೋದ ಅಣ್ಣನ ಚಾಳೀಸು ಕಣ್ಣಿಗೆ ಏರಿಸಿ, ಕೋಲು ಹಿಡಿದು ಗಾಡಿ ಹತ್ತಿದೆ. ಗೌರವ್ವ ಕೇಳದೆ ತಾನೂ ಹತ್ತಿ ಕುಳಿತಳು. ನನ್ನ ಯೋಜನೆ ಸರಳವಾಗಿತ್ತು: ಮುಪ್ಪು ಕಾಣಬೇಕು, ರೋಗ ಕಾಣಬಾರದು.

ದಾರಿಯುದ್ದಕ್ಕೂ ಕಣಗಳಲ್ಲಿ ಜೋಳ ತೂರುತ್ತಿದ್ದರು. ಹೊಟ್ಟು ಹಾರಿ ಗಾಡಿಯೊಳಗೆ ಬರುತ್ತಿತ್ತು. ಎದೆಯಲ್ಲಿ ಸಿಳ್ಳೆ ಶುರುವಾಯಿತು. ಗೌರವ್ವ ಸೆರಗು ತೋಯಿಸಿ ನನ್ನ ಮೂಗಿಗೆ ಹಿಡಿಯಲು ಬಂದಳು.

"ಬೇಡ! ಮೀಸೆ ಅಳಿಸುತ್ತದೆ!"

"ಮೀಸಿ ಉಳದು ನೀವು ಹೋದ್ರ ಏನ್ ಮಾಡ್ಲಿ? ಮೀಸಿ ಇಟ್ಟಕೊಂಡ ಬಾಳೇವ ಮಾಡ್ಲೇನು?"

ನಾನು ಹೊಟ್ಟು ಕುಡಿಯುತ್ತ ಮೀಸೆಯನ್ನು ಕಾಪಾಡಿದೆ.

ಹಿರೋಳ್ಳಿಯಲ್ಲಿ ಮಲ್ಲಣ್ಣ ಅಂಗಳಕ್ಕೇ ಇಳಿದು ಬಂದ. "ಬರ್ರಿ ಯಜಮಾನ್ರ, ಬರ್ರಿ!" ಜಮಖಾನ ಹಾಸಿದರು, ಒರಗಲು ದಿಂಬು ಕೊಟ್ಟರು. ಉಬ್ಬಸದಿಂದ ನನ್ನ ದನಿ ಒಡೆದು ಗೊಗ್ಗರಾಗಿತ್ತು. ಸಾಕ್ಷಾತ್ ಮುದುಕರ ದನಿ. ಹುಡುಗಿಯ ತಂದೆ ಎಂದೆ, ಯಾರೂ ನಗಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ರೋಗ ನನ್ನ ಉಪಯೋಗಕ್ಕೆ ಬಂತು!

"ಮೊನ್ನಿ ಒಬ್ಬ ಹುಡುಗ ಬಂದಿದ್ದ. ನಿಮ್ಮವನ ಏನ್ರಿ?" ಎಂದ ಮಲ್ಲಣ್ಣ.

"ಹೌದ್ರಿ," ಎಂದೆ. "ಜರಾ ತಿಳಿಗೇಡಿ."

"ಭಾಳ ಸುಳ್ಳ ಹೇಳ್ತಾನ್ರಿ ಅವ."

"ತಿದ್ದತೇನ್ರಿ."

ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ತಟ್ಟೆಯಲ್ಲಿ ಎಲೆ, ಅಡಿಕೆ ಬಂದವು. ನಾನು ಕೈ ಚಾಚಬೇಕು, ಅಷ್ಟೇ ಬಾಕಿ. ನೀಲಾ ಗಡಿ ದಾಟಿದ ಹಾಗೆಯೇ ಎಂದುಕೊಂಡೆ.

ಆಗ ಸಂಗವ್ವ ಒಳಗಿನಿಂದ ಕೂಗಿದಳು: "ಮದಲ ಪೂಜಾ, ಊಟ ಆಗ್ಲಿ. ಆಮ್ಯಾಲ ಅಡಿಕಿ. ಬಚ್ಚಲದಾಗ ನೀರ ಇಟ್ಟೇನಿ, ಮೈ ತೊಳಕೊಳ್ರಿ."

ಸ್ನಾನ, ಪೂಜೆ, ಆಮೇಲೆ ಊಟ. ಜೀವಮಾನವಿಡೀ ನಾನು ನಡೆಸಿಕೊಂಡು ಬಂದ ಸಾಲು. ಈ ಸಾಲು ಬೇರೆಯವರ ಮನೆಯಲ್ಲೂ ಇರುತ್ತದೆ ಎಂಬುದೊಂದನ್ನೇ ನಾನು ಯೋಜನೆಯಲ್ಲಿ ಮರೆತಿದ್ದೆ!

"ನಮ್ಮದು ಮುಂಜಾನೆ ಆಗೇದ್ರಿ," ಎಂದೆ.

"ಹಾದಿ ಧೂಳಂತೂ ಈಗಿಂದ ಅದ ಅಲಾ? ಮಾರಿಯರ ತೊಳಕೊಳ್ರಿ."

ಮುಖ ತೊಳೆಯಲಾರೆ ಎಂದು ಯಾವ ಹಿರಿಯ ಹೇಳುತ್ತಾನೆ? ಬಚ್ಚಲಿಗೆ ಹೋದೆ. ಚಾಳೀಸು ತೆಗೆದಿಟ್ಟು, ತುಟಿಗೆ ಮಾತ್ರ ನೀರು ಮುಟ್ಟಿಸಿ ಬರೋಣವೆಂದು ತಂಬಿಗೆ ಎತ್ತಿದೆ. ಮಲ್ಲಣ್ಣ ಬಂದವನೇ, "ಹಿರ್ಯಾರು ನೀವು, ನಾ ಹಾಕತೇನಿ," ಎಂದು ತಂಬಿಗೆ ಕಸಿದು ಭಕ್ತಿಯಿಂದ ಹಣೆಯ ಮೇಲೆ ಸುರಿದ!

ವಿಭೂತಿ ಕರಗಿ ಕಣ್ಣಿಗೆ, ಮೂಗಿಗೆ, ಗಂಟಲಿಗೆ ಇಳಿಯಿತು. ಕೆಮ್ಮು ಹತ್ತಿತು. ಕೆಮ್ಮಿನ ಹಿಂದೆಯೇ ಉಸಿರು ಕಟ್ಟಿತು. ಒಳಗೆ ಗಾಳಿ ಹೋಗುತ್ತಿಲ್ಲ, ಹೊರಗೆ ಬರುತ್ತಿಲ್ಲ. ಬಚ್ಚಲ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕುಸಿದೆ. ಎಣ್ಣೆ ಹಿಡಿದ ಕಡೆ ಬಿಳುಪು ಉಳಿದು, ಹಿಡಿಯದ ಕಡೆ ಹೋಗಿ, ಅರ್ಧ ಮೀಸೆ ಅಜ್ಜನದು, ಅರ್ಧ ಮೀಸೆ ಮೊಮ್ಮಗನದು ಆಗಿತ್ತು.

"ಇಂವಾ ಮೊನ್ನಿ ಬಂದ ಹುಡುಗನ!" ಎಂದು ಮಲ್ಲಣ್ಣ ಕೂಗಿದ. ಕೈಯಲ್ಲಿ ತಂಬಿಗೆ ಎತ್ತಿ ಹಿಡಿದಿದ್ದ. "ಯಾರಲೇ ನೀ? ಯಾರ ಕಳಿಸ್ಯಾರ ನಿನಗ?"

ಉತ್ತರ ಕೊಡಲು ಉಸಿರು ಬೇಕಲ್ಲ. ಸಾಯುವುದಾದರೆ ಬೇಹುಗಾರನೆಂಬ ಹೆಸರಿನಲ್ಲಿ, ಬೇರೆಯವರ ಬಚ್ಚಲಲ್ಲಿ, ಒಂದು ಹುಬ್ಬು ಬಿಳಿ ಮಾಡಿಕೊಂಡು ಸಾಯುವುದು ಎಂದು ತಿಳಿಯಿತು.

ಗೌರವ್ವ ಓಡಿಬಂದಳು. ಯಾರನ್ನೂ ನೋಡಲಿಲ್ಲ. ನನ್ನ ಹಿಂದೆ ಕುಳಿತು, ಎದೆಯನ್ನು ತನ್ನ ತೋಳಿಗೆ ಒರಗಿಸಿ, ಬೆನ್ನು ನೀವತೊಡಗಿದಳು. "ಸಾವಕಾಶ. ಬಿಡ್ರಿ, ಬಿಡ್ರಿ, ಹೊರಗ ಬಿಡ್ರಿ. ನಾ ಅದೀನಿ," ಎಂದು ಒಂದೇ ದನಿಯಲ್ಲಿ ಹೇಳುತ್ತಿದ್ದಳು. ಮನೆಯಲ್ಲಿ ದಿನವೂ ನಡೆಯುವುದು ಇದೇ. ಜನರ ಮುಂದೆ ನಡೆದದ್ದು ಮೊದಲ ಸಲ. ಬಹಳ ಹೊತ್ತಿನ ಮೇಲೆ ಒಂದೆಳೆ ಗಾಳಿ ಒಳಗೆ ಹೋಯಿತು.

ಸಂಗವ್ವ ಗೋಡೆ ಹಿಡಿದುಕೊಂಡು ಹತ್ತಿರ ಬಂದಳು. "ಯವ್ವಾ, ಮಗನೇನು ನಿನಗ?"

"ಗಂಡ್ರಿ."

ಮುದುಕಿ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು.

"ಖರೇನ ಇವರ ಉಮರ ಅಷ್ಟದ್ರಿ," ಎಂದಳು ಗೌರವ್ವ. "ಲಗ್ನ ಆದಾಗಿಂದ ಹಿಂಗ. ಇವರು ಕುಂತು ಉಸರಾಡ್ತಾರ, ನಾ ಕುಂತು ನೋಡ್ತೇನಿ. ಇವರು ಹಂಗ ಉಳದಾರ, ನಾ ಹಿಂಗ ಆಗೇನಿ."

ಸಂಗವ್ವ ಮಗನ ಕೈಯಿಂದ ತಂಬಿಗೆ ತೆಗೆದುಕೊಂಡು ಕೆಳಗಿಟ್ಟಳು. ನನಗೆ ಈಗ ಸ್ವಲ್ಪ ಉಸಿರು ಬಂದಿತ್ತು.

"ಹುಡಗಿಗಿ ಈ ಬ್ಯಾನಿ ಅದನೇನು?" ಎಂದಳು ಸಂಗವ್ವ.

"ಇಲ್ರಿ. ಕಣದಾಗ ದುಡದಾಳ. ಒಮ್ಮೆಯೂ ಕೆಮ್ಮಿಲ್ಲ."

"ಯವ್ವಾ, ರೋಗದ ಮನಿ," ಎಂದು ಮಲ್ಲಣ್ಣ ಶುರು ಮಾಡಿದ.

"ನೀ ಸುಮ್ಮಕಿರು. ಗಡಿ ದಾಟೂ ಹೊತ್ತಿನ್ಯಾಗ ನಿನ್ನ ಮಗನ ಸಂಗಾಟ ಯಾರ ಬೇಕು? ಇಕಿ ಹೊಟ್ಟ್ಯಾಗ ಹುಟ್ಟಿದಾಕಿ ನಡು ಹಾದ್ಯಾಗ ಕೈ ಬಿಡೂದಿಲ್ಲ." ಮುದುಕಿ ತಟ್ಟೆ ತರಿಸಿದಳು. ಅಡಿಕೆಯನ್ನು ನನ್ನ ತಲೆಯ ಮೇಲಿಂದ ದಾಟಿಸಿ ಗೌರವ್ವನ ಕೈಯಲ್ಲಿಟ್ಟಳು. "ಹಿರ್ಯಾರು ಬರ್ಲಿ ಅಂದಿದ್ದೆ. ಬಂದಾರ. ಒಡಿ."

ಗೌರವ್ವ ಒದ್ದೆ ಕೈಯಲ್ಲೇ ಅಡಿಕೆ ಒಡೆದಳು. ಪದ್ಧತಿ ಅಂತ ಒಂದು ಇರುತ್ತದೆ ಎಂದು ಅಲ್ಲಿ ಯಾರೂ ಹೇಳಲಿಲ್ಲ.

ಹೊರಡುವಾಗ ಸಂಗವ್ವ ನನ್ನ ಹತ್ತಿರ ಬಂದಳು. ದನಿ ಮೆತ್ತಗಿತ್ತು. "ಸಿಟ್ಟ ಆಗಬ್ಯಾಡಪಾ. ಮದುವಿಗಿ ತಾಯಿ ಮಗಳು ಇಬ್ಬರ ಬರ್ಲಿ. ನಿನಗ ನೋಡಿದ್ರ ಬಂದ ಮಂದಿ ಒಂದೋ ಇವ ತಂದಿ ಅಲ್ಲ ಅಂತಾರ, ಇಲ್ಲಾ ತಂದಿ ರೋಗಿ ಅಂತಾರ. ಎರಡೂ ಹುಡಗಿಗಿ ಛಲೋ ಅಲ್ಲ."

ನಾನು ಹೂಂ ಎಂದು ತಲೆ ಅಲ್ಲಾಡಿಸಿದೆ. ಲೆಕ್ಕ ಸರಿಯಾಗಿತ್ತು.

ಮದುವೆಯ ದಿನ ನೀಲಾ ಆಳಂದದ ನಮ್ಮ ಮನೆಯ ಬಾಗಿಲಲ್ಲೇ ನನ್ನ ಕಾಲಿಗೆ ಬಿದ್ದಳು. "ಅಪ್ಪಾ, ದಮ್ಮಿಗಿ ಹೊಗಿ ತಗೋಳೊ ಉಮ್ಮತ್ತಿ ಎಲಿ ಒಣಗಿಸಿ ಗಡಗ್ಯಾಗ ಇಟ್ಟೇನಿ. ಮಳಿಗಾಲ ಮುಗಿಯೋತನ ಸಾಕು," ಎಂದಳು. ಗಾಡಿ ಹೋಯಿತು. ನಾನು ಒಳಗೆ ಬಂದು ಸ್ನಾನ ಮಾಡಿದೆ, ಪೂಜೆ ಮಾಡಿದೆ, ಕಷಾಯ ಕುಡಿದೆ. ರೊಟ್ಟಿಯ ಹೊತ್ತಿಗೆ ಸಾಲು ತಪ್ಪಿತು. ತಿನ್ನಲಾಗಲಿಲ್ಲ.

ಗೌರವ್ವ ಮರಳಿ ಬಂದವಳು ಮೊದಲು ಒಂದು ತಂಬಿಗೆ ನೀರು ಕುಡಿದಳು. "ದಾಟಿದ್ರು," ಎಂದಳು. ಆಮೇಲೆ ಕಂಬಕ್ಕೆ ಒರಗಿ ಕುಳಿತಳು.

"ಯಾರಾದರೂ ನನ್ನನ್ನು ಕೇಳಿದರೇನು?"

"ಎಲ್ಲಾರೂ ಕೇಳಿದ್ರು, ತಂದಿ ಯಾಕ ಬಂದಿಲ್ಲ ಅಂತ. ಸಂಗವ್ವ ಹೇಳಿದ್ಳು: ಭಾಳ ಮುದುಕರು ಅದಾರ, ಗಾಡ್ಯಾಗ ಕುಂದ್ರಾಕ ಆಗೂದಿಲ್ಲ ಅಂತ."

"ನಂಬಿದರೇ?"

"ನನ್ನ ಮಾರಿ ನೋಡಿದ್ರು. ನಂಬಿದ್ರು."

ಹೀಗೆ ನಾನು ಕೊನೆಗೂ ಐದಾರು ಊರಿನವರ ಎದುರಿನಲ್ಲಿ, ಯಾರೂ ಅನುಮಾನಪಡದಂತೆ ಮುದುಕನಾದೆ. ನೋಡಲು ನಾನೊಬ್ಬನೇ ಅಲ್ಲಿರಲಿಲ್ಲ!