ಶುದ್ಧಪ್ರತಿ

ಬೆಳಿಗ್ಗೆ ಎದ್ದವರೇ ಸಾಹಿತಿಗಳು ಕನ್ನಡಕ ಹುಡುಕಲು ಶುರುಮಾಡಿದರು. ಅರ್ಧ ಗಂಟೆಯ ಮೇಲೆ ಅದು ತಲೆಯ ಮೇಲೇ ಸಿಕ್ಕಿತು. ಮೊದಲೆಲ್ಲ ಹೆಂಡತಿಯೂ ಜೊತೆಗೆ ಮನೆಯೆಲ್ಲ ಜಾಲಾಡುತ್ತಿದ್ದಳು. ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು.

ಸಾಹಿತಿಗಳು ಅಂದರೆ ನೀರು ಸರಬರಾಜು ಕಚೇರಿಯ ಗುಮಾಸ್ತರು. ಆರು ಕಾದಂಬರಿ ಬರೆದ ತಪ್ಪಿಗೆ ಬೀದಿಯವರು ಇಟ್ಟ ಹೆಸರು ಅದು. ಅವರು ಕೋಳಿ ಕೆದರಿದ ಹಾಗೆ ಗೀಚಿದ್ದನ್ನೆಲ್ಲ ಹೆಂಡತಿ ಗುಂಡಗಿನ ಅಕ್ಷರದಲ್ಲಿ ಶುದ್ಧಪ್ರತಿ ಮಾಡಿಕೊಡುತ್ತಿದ್ದಳು. ಏಳನೆಯ ಕಾದಂಬರಿಯ ಹತ್ತೊಂಬತ್ತು ಅಧ್ಯಾಯಗಳನ್ನೂ ಹಾಗೇ ಮಾಡಿದ್ದಳು, ಕೊನೆಯವನ್ನು ಆಸ್ಪತ್ರೆಯ ಮಂಚದ ಮೇಲೆ ಕೂತು. ಆಸ್ಪತ್ರೆಯಿಂದ ಮನೆಗೆ ಮರಳಿದ ನಾಲ್ಕೇ ದಿನಕ್ಕೆ, ಇಪ್ಪತ್ತನೆಯದನ್ನು ಇವರು ಬರೆಯುವ ಮೊದಲೇ ಹೋಗಿಬಿಟ್ಟಳು. ಎರಡು ಸಲ ಗಡುವು ಮುಂದೂಡಿದ ಪ್ರಕಾಶಕರು ಈ ಸಲ ಖಡಾಖಂಡಿತವಾಗಿ ಹೇಳಿದ್ದರು: "ಇವತ್ತು ಮೂರು ಗಂಟೆಗೆ ಬರ್ಲಿಲ್ಲ ಅಂದ್ರೆ ಆ ಹತ್ತೊಂಬತ್ತನ್ನೂ ವಾಪಸ್ ತಗೊಂಡು ಹೋಗಿ."

ಅವಳು ಕೈಯಾರೆ ಬರೆದ ಕೊನೆಯ ಕಟ್ಟು ಅದು. ಅದನ್ನು ಅಚ್ಚಾಗದೆ ಉಳಿಯಲು ಬಿಡುವುದು ಅವರಿಂದಾಗದ ಮಾತು.

ರಜೆ ಹಾಕಿ ಕೂತರು. ಕಾದಂಬರಿಯಲ್ಲಿ ನಾಯಕಿ ಹಾಸಿಗೆ ಹಿಡಿದಿದ್ದಳು; ಅದು ಬೀದಿಗೆಲ್ಲ ಗೊತ್ತಿತ್ತು. ಮುಂದಿನದು ಬರೆಯಲು ಪೆನ್ನು ಏಳಲಿಲ್ಲ. ಅಷ್ಟರಲ್ಲಿ ಮಹಡಿಯ ಮನೆಯ ನಿವೃತ್ತ ಕಂಡಕ್ಟರ್ ಕಾಫಿ ಲೋಟ ಹಿಡಿದು ಇಳಿದು ಬಂದರು.

"ಸಾಹಿತಿಗಳೇ, ಆಯಮ್ಮನ್ನ ಮುಗಿಸಿಬಿಡಿ. ಜನ ಅಳಬೇಕು!"

ಪಕ್ಕದ ಮನೆಯ ಟೈಲರಮ್ಮ ಕಿಟಕಿಯಿಂದಲೇ ಕತ್ತರಿ ಝಳಪಿಸಿದಳು. "ಸಾಯಿಸಿದ್ರೆ ನೋಡಿ ಅಣ್ಣ, ನಿಮ್ಮ ಅಂಗಿಗೆ ಇನ್ನು ಗುಂಡಿ ಹಾಕಲ್ಲ ನಾನು."

"ನಿಂಗೇನಮ್ಮ ಗೊತ್ತು ಸಾಹಿತ್ಯ?" ಎಂದು ಕಂಡಕ್ಟರ್ ಕೈ ಬೀಸಿದರು. ಲೋಟ ಮಗುಚಿತು. ಖಾಲಿ ಹಾಳೆಗಳ ಕಟ್ಟು ಕಾಫಿಯಲ್ಲಿ ಮಿಂದು ಎದ್ದಿತು.

ಸಾಹಿತಿಗಳು ಹಾಳೆ ತರಲು ಅಂಗಡಿಗೆ ಓಡಿದರೆ ಬಾಗಿಲು ಹಾಕಿತ್ತು. ಗಡಿಯಾರದಲ್ಲಿ ಹನ್ನೊಂದೂವರೆ. ಒಂದು ಮಗ್ಗುಲು ಖಾಲಿಯಿರುವ ಹಾಳೆ ಕಂಡರೆ ಎತ್ತಿಡುವ ಅಭ್ಯಾಸ ಹೆಂಡತಿಗಿತ್ತು ಎಂದು ಆಗ ನೆನಪಾಯಿತು. ಅಡುಗೆಮನೆಯ ಡ್ರಾಯರಿನಲ್ಲಿ ಒಂಬತ್ತು ಹಾಳೆ ಸಿಕ್ಕವು. ಮೇಲುಗಡೆ ಅವಳ ಗುಂಡಗಿನ ಅಕ್ಷರ. ಯಾವುದೋ ಹಳೆಯ ಶುದ್ಧಪ್ರತಿಯ ಕೆಟ್ಟ ಹಾಳೆಗಳಿರಬೇಕು. ಓದಲು ಹೋದರೆ ಇವತ್ತು ಅಳುವುದೇ ಆಗುತ್ತದೆ ಎಂದು ಒಂದೊಂದಾಗಿ ಬೋರಲು ಹಾಕಿ, ಹಿಂಬದಿಯಲ್ಲಿ ಬರೆಯಲು ಕೂತರು.

ಬರೆದದ್ದನ್ನು ತಿರುಗಿ ನೋಡುವ ಪ್ರಶ್ನೆಯೇ ಇರಲಿಲ್ಲ. ಪ್ರಕಾಶಕರು ಮೊದಲ ಕಾದಂಬರಿಯಲ್ಲೇ ಪಾಠ ಹೇಳಿದ್ದರು: "ಓದಿದ್ರೆ ತಿದ್ದೋಕೆ ಕೂರ್ತೀರಿ. ತಿದ್ದೋಕೆ ಕೂತ್ರೆ ಗಡುವು ಹೋಯ್ತು." ಸಾಹಿತಿಗಳು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದರೆಂದರೆ, ಅಚ್ಚಾಗಿ ಬಂದ ತಮ್ಮ ಪುಸ್ತಕಗಳನ್ನೂ ಅವರು ಓದಿರಲಿಲ್ಲ.

ಎರಡೂವರೆಗೆ ನಾಯಕಿ ಗುಣವಾಗಿ ಎದ್ದು ಕೂತಳು. ಸಾಯಿಸಲು ಅವರಿಂದ ಆಗಲಿಲ್ಲ. ಅದನ್ನು ಕೂಗಿ ಹೇಳಿದಾಗ ಟೈಲರಮ್ಮ ಕಿಟಕಿಯಲ್ಲಿ ಕಣ್ಣೊರೆಸಿಕೊಂಡಳು, ಕಂಡಕ್ಟರ್ ಮುಖ ಸಿಂಡರಿಸಿದರು. ಸಾಹಿತಿಗಳು ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಓಡಿ, ಮೂರಕ್ಕೆ ಎರಡು ನಿಮಿಷ ಇರುವಾಗ ಪ್ರಕಾಶಕರ ಕಚೇರಿ ಸೇರಿದರು. ಹಾಳೆಗಳು ಟೈಪಿಸ್ಟ್ ಹುಡುಗಿಯ ಕೈಗೆ ಹೋದವು.

ಒಂದು ಗಂಟೆಯಾದ ಮೇಲೆ ಪ್ರಕಾಶಕರು ಟೈಪಾದ ಪುಟಗಳನ್ನು ಹಿಡಿದು ಹೊರಗೆ ಬಂದರು. ಅವರ ಕಣ್ಣು ಕೆಂಪಾಗಿತ್ತು.

"ಏನ್ರೀ ಇದು! ಸಾಯೋ ಹೆಂಗಸಿನ ಕೊನೇ ದಿನಾನ ಹೀಗೆ ಬರೆಯೋದಾ? ಕೇಳಿ. 'ಕನ್ನಡಕ ಅವರ ತಲೆಯ ಮೇಲೇ ಇತ್ತು. ಅವಳು ಹೇಳಲಿಲ್ಲ. ಹುಡುಕುವ ನೆಪದಲ್ಲಿ ಇನ್ನೊಂದು ಗಳಿಗೆ ಅವರ ಹಿಂದೆ ಮನೆಯೆಲ್ಲ ಓಡಾಡಬಹುದಲ್ಲ ಎಂದು ಸುಮ್ಮನೆ ಹುಡುಕಿದಳು.'"

ಸಾಹಿತಿಗಳು ಕುರ್ಚಿಯಿಂದ ಎದ್ದರು. "ಇದು ನಾನು ಬರೆದದ್ದಲ್ಲ."

"ಇಲ್ಲೇ ಇದೆಯಲ್ಲ ಸಾರ್," ಎಂದು ಹುಡುಗಿ ಹಾಳೆ ತೋರಿಸಿದಳು. ಮೇಲೆ ಗುಂಡಗಿನ ಅಕ್ಷರದಲ್ಲಿ 'ಅಧ್ಯಾಯ ಇಪ್ಪತ್ತು' ಎಂದಿತ್ತು. "ಯಾವಾಗ್ಲೂ ಈ ಅಕ್ಷರದ್ದೇ ತಾನೇ ನಾನು ಟೈಪ್ ಮಾಡೋದು? ಹಿಂದೆ ಗೀಚಿರೋದು ಕರಡು ಅಂದ್ಕೊಂಡೆ."

ಗಂಡನಿಗೆ ಗಡುವು ತಪ್ಪಬಾರದೆಂದು ಅವಳೇ ಬರೆದಿಟ್ಟು ಹೋಗಿದ್ದಳು.

"ಶೈಲಿ ಹಿಂದಿನ ಹತ್ತೊಂಬತ್ತು ಅಧ್ಯಾಯದ ಹಾಗೇ ಇದೆ, ಒಂದೆಳೆ ವ್ಯತ್ಯಾಸ ಇಲ್ಲ," ಎಂದರು ಪ್ರಕಾಶಕರು.

ಸಾಹಿತಿಗಳು ಮೇಜಿನ ಮೇಲಿದ್ದ ಕಟ್ಟನ್ನು ಎಳೆದುಕೊಂಡು ಮೊದಲ ಪುಟ ಓದಿದರು, ಹತ್ತನೆಯದನ್ನು ಓದಿದರು. ತಾವು ಬರೆದಾಗ ಎದೆ ಬಡಿದುಕೊಂಡು ಅತ್ತಿದ್ದ ನಾಯಕಿ ಇಲ್ಲಿ ಒಬ್ಬಳೇ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಕಟ್ಟಿನಲ್ಲಿ ಅವರದು ಅಂತ ಒಂದು ವಾಕ್ಯವೂ ಇರಲಿಲ್ಲ. ಹಿಂದಿನ ಆರು ಪುಸ್ತಕಗಳ ಬಗ್ಗೆ ಯೋಚಿಸಲು ಅವರಿಗೆ ಧೈರ್ಯ ಬರಲಿಲ್ಲ.

ಪ್ರಕಾಶಕರು ಬೆನ್ನು ತಟ್ಟಿದರು. "ಮುಂದಿನದು ಎರಡು ತಿಂಗಳಲ್ಲಿ ಬೇಕು. ಇದೇ ಥರ ಇರ್ಲಿ, ಆಯ್ತಾ?"

ಸಾಹಿತಿಗಳು ಕಟ್ಟನ್ನು ಮೊದಲಿದ್ದ ಹಾಗೇ ಜೋಡಿಸಿಟ್ಟರು.

"ಈ ಹಾಳೆ ಬಿಸಾಕ್ಲಾ ಸಾರ್?" ಎಂದಳು ಹುಡುಗಿ.

"ಬೇಡಮ್ಮ, ಇಲ್ಲಿ ಕೊಡು. ನಾನಿನ್ನೂ ಓದಿಲ್ಲ."

ಹಾಳೆಗಳನ್ನು ಎದೆಗೊತ್ತಿಕೊಂಡು ಅವರು ಮೇಜಿನ ಮೇಲೆ ನೋಡಿದರು, ಜೇಬು ತಡಕಿದರು, ಕುರ್ಚಿಯ ಕೆಳಗೆ ಬಗ್ಗಿದರು.

"ಕನ್ನಡಕ ತಾನೇ? ತಲೆ ಮೇಲೇ ಇದೆ ಸಾರ್," ಎಂದು ಹುಡುಗಿ ತಕ್ಷಣ ಹೇಳಿಬಿಟ್ಟಳು.